ಚಾವಡಿ ಬದಲಾದರೆ ಚೆಂಡೆಯ ಸದ್ದೂ ಬದಲು

ಕೆಮ್ಮಣ್ಣಿನಲ್ಲಿ, ಸುವರ್ಣಾ ನದಿ ಕುದ್ರುಗಳನ್ನು ಬಳಸಿ ಕಡಲ ಕಡೆಗೆ ಹರಿಯುವ ಈ ಊರಿನಲ್ಲಿ, ಹಂಚಿನ ಮನೆಗಳ ಪಕ್ಕದಲ್ಲೇ ತಾರಸಿ ಮನೆಗಳು ಎದ್ದಿವೆ. ಹಳೆ ಚಾವಡಿಯಲ್ಲಿ ವರ್ಷಗಟ್ಟಲೆ ಇಂಪಾಗಿ ಹಾಡಿದ ಸ್ಟೀರಿಯೋ ಹೊಸ ಮನೆಯ ಹಾಲ್‌ಗೆ ಬಂದೊಡನೆ ಗಲಾಟೆ ಶುರುಮಾಡುತ್ತದೆ. ಯಕ್ಷಗಾನ ಭಾಗವತ ಕಾಳಿಂಗ ನಾವಡರ (1958–1990) ಪದ್ಯ ಹಾಕಿದರೆ ಸಾಹಿತ್ಯ ಸ್ಪಷ್ಟವಾಗುವುದಿಲ್ಲ, ಚೆಂಡೆಯ ಪೆಟ್ಟುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಸೆಟ್ ಕೆಟ್ಟಿತೆಂದು ರಿಪೇರಿಗೆ ಹೊರಡುವ ಮೊದಲು ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಸದ್ದಿನ ಹಿಂದೆ ಲೋಹದಂಥ ಕಿಣಿಕಿಣಿ ಕೇಳಿದರೆ ಕಾರಣ ಸಿಕ್ಕಿತು.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸಿಮೆಂಟಿನ ಗೋಡೆ, ಕಾಂಕ್ರೀಟ್ ಸ್ಲ್ಯಾಬ್, ಹೊಳೆಯುವ ಟೈಲ್ಸ್ ಯಾವುದೂ ಅದನ್ನು ಹೀರಿಕೊಳ್ಳುವುದಿಲ್ಲ; ಬಂದದ್ದರಲ್ಲಿ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತವೆ. ಸಾಮಾನು ಕಡಿಮೆಯಿರುವ ಇಂಥ ಹಾಲ್‌ನಲ್ಲಿ ಒಂದು ಸದ್ದು ಪೂರ್ತಿ ಅಡಗಲು ಒಂದು ಸೆಕೆಂಡಿಗೂ ಹೆಚ್ಚು ಹಿಡಿಯಬಹುದು. ಚೆಂಡೆ ಸೆಕೆಂಡಿಗೆ ಎಂಟು ಪೆಟ್ಟಿನ ವೇಗದಲ್ಲಿ ಓಡುತ್ತಿದ್ದರೆ, ಮೊದಲ ಪೆಟ್ಟು ಅಡಗುವಷ್ಟರಲ್ಲಿ ಇನ್ನೂ ಏಳೆಂಟು ಬಂದು ಅದರ ಮೇಲೆ ಬಿದ್ದಿರುತ್ತವೆ. ಹಂಚಿನ ಮನೆಯಲ್ಲಿ ಈ ತಾಪತ್ರಯ ಕಡಿಮೆ. ಇಳಿಜಾರು ಮಾಡು ನೆಲಕ್ಕೆ ಸಮಾನಾಂತರವಾಗಿರುವುದಿಲ್ಲ, ಪಕ್ಕಾಸು ರೀಪುಗಳು ಶಬ್ದವನ್ನು ಚದುರಿಸುತ್ತವೆ, ಉಳಿದದ್ದು ಹಂಚಿನ ಸಂದಿನಿಂದಲೂ ಜಗಲಿಯಿಂದಲೂ ಹೊರಗೆ ಹೋಗುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್‌ನವರು ಮಳೆಗಾಗಿ ಮಾಡಿದ್ದು ಸಂಗೀತಕ್ಕೂ ಒದಗಿಬಂತು.

ತಾರಸಿ ಹಾಲ್‌ಗೆ ಮದ್ದು ದಪ್ಪ ಬಟ್ಟೆ. ಸ್ಪೀಕರಿನ ಎದುರಿನ ಗೋಡೆಗೆ ನೆರಿಗೆ ತುಂಬಿದ ಭಾರದ ಪರದೆ, ನೆಲಕ್ಕೆ ಜಮಖಾನೆ, ಹತ್ತಿಯ ದಿಂಬಿನ ಸೋಫಾ, ಪುಸ್ತಕದ ಕಪಾಟು. ತೆಳ್ಳಗಿನ ಚಾಪೆ ತೂಗುಹಾಕಿದರೆ ಕೀಚಲು ಸ್ವಲ್ಪ ತಗ್ಗೀತು, ಅಷ್ಟೆ.

ಮಂದ್ರದ ಸದ್ದು, ನಾವು ಬೇಸ್ ಎನ್ನುವುದು, ಪರದೆಗೆ ಬಗ್ಗುವುದಿಲ್ಲ. 50 ಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದ 6.8 ಮೀಟರ್. ಕೋಣೆಯ ಅಗಲ ಅದರ ಅರ್ಧ, ಅಂದರೆ 3.4 ಮೀಟರ್ ಇದ್ದರೆ, ಎದುರುಬದುರು ಗೋಡೆಗಳ ನಡುವೆ ಆ ಸ್ವರ ಒಂದೇ ಕಡೆ ನಿಂತು ಊದಿಕೊಳ್ಳುತ್ತದೆ. ಗೋಡೆಯ ಬುಡದಲ್ಲಿ ಗುಮ್ಮೆನ್ನುವ ಸಿನಿಮಾ ಹಾಡು ಕೋಣೆಯ ನಡುವೆ ಸಪ್ಪೆಯಾಗುವುದು ಇದರಿಂದಲೇ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಈ ಗುಮ್ಮು ಇನ್ನೂ ಹೆಚ್ಚು. ಮೂಲೆಯಿಂದ ಒಂದೂವರೆ ಎರಡು ಅಡಿ ಮುಂದಕ್ಕೆ ಎಳೆಯುವುದು ಬಿಡಿಕಾಸಿನ ಖರ್ಚಿಲ್ಲದ ಕೆಲಸ. ಇದಕ್ಕೆ ಸಮನಾದ ಗುಂಡಿ ಯಾವ ಸೆಟ್ಟಿನಲ್ಲೂ ಇಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ, ಪ್ರತಿಯೊಂದರಿಂದ ಕೇಳುವವರಿಗೂ ಸುಮಾರು ಅಷ್ಟೇ ದೂರವಿರಲಿ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದಾಗ ಆಧಾರವಾದದ್ದು ನಮ್ಮ ಎರಡು ಕಿವಿಗಳು ಹಿಡಿಯುವ ಅತಿಸಣ್ಣ ವ್ಯತ್ಯಾಸ. ಪಕ್ಕದಿಂದ ಬಂದ ಸದ್ದು ಒಂದು ಕಿವಿಯಿಂದ ಇನ್ನೊಂದಕ್ಕೆ ತಲುಪಲು ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗುತ್ತದೆ. ಮೆದುಳು ಅಷ್ಟರಲ್ಲೇ ದಿಕ್ಕನ್ನು ಗುರುತಿಸುತ್ತದೆ. ಹಳೆಯ ಮೋನೋ ಧ್ವನಿಮುದ್ರಣವೊಂದನ್ನು ಹಾಕಿ, ನಡುವೆ ಕೂತು ಕೇಳಿ. ಭಾಗವತರ ಸ್ವರ ಎರಡು ಸ್ಪೀಕರ್‌ಗಳ ನಟ್ಟನಡುವಿನ ಖಾಲಿ ಜಾಗದಿಂದ ಬರಬೇಕು. ಎಲ್ಲಿಂದಲೋ ಬಂದಂತಿದ್ದು ಬೇಸ್ ಕೂಡ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ವಯರುಗಳು ಅದಲುಬದಲಾಗಿವೆ. ಒಂದರ ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದು, ಮಂದ್ರ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ.

ರಾತ್ರಿ ಮಕ್ಕಳು ಮಲಗಿದ ಮೇಲೆ ವಾಲ್ಯೂಮ್ ಇಳಿಸಿದರೆ ಮೊದಲು ಕಾಣೆಯಾಗುವುದೂ ಮಂದ್ರವೇ. ಸದ್ದು ಸಣ್ಣದಾದಷ್ಟೂ ಕಿವಿ ಮಂದ್ರಕ್ಕೆ ಮಂದವಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಸೆಟ್ಟಿನ ‘ಲೌಡ್‌ನೆಸ್’ ಗುಂಡಿ ಇರುವುದು ಆಗ ಒತ್ತಲಿಕ್ಕೆ. ಹಗಲು ಜೋರಾಗಿ ಹಾಕುವಾಗ ಅದನ್ನು ತೆಗೆಯಲೇಬೇಕು. ಬೇಸನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಆಂಪ್ಲಿಫಯರ್ ನಾಲ್ಕು ಪಟ್ಟು ವಿದ್ಯುತ್ ಒದಗಿಸಬೇಕಾಗುತ್ತದೆ. ಒದಗದಿದ್ದಾಗ ಅಲೆಯ ತಲೆ ಕತ್ತರಿಸಿ ಸದ್ದು ಒಡೆಯುತ್ತದೆ, ಪುಟ್ಟ ಟ್ವೀಟರ್ ಸುಟ್ಟುಹೋಗುತ್ತದೆ. ಆಷಾಢದ ಮಳೆ ಹಂಚಿನ ಮೇಲೆ ಸುರಿಯುವಾಗಲೂ ಅಷ್ಟೆ: ವಾಲ್ಯೂಮ್ ಏರಿಸುವ ಬದಲು ಕುರ್ಚಿಯನ್ನು ಅರ್ಧ ದೂರಕ್ಕೆ ಎಳೆದುಕೊಳ್ಳಿ. ಸ್ಪೀಕರಿನಿಂದ ನೇರ ಬರುವ ಸದ್ದಿಗೆ ನಾಲ್ಕು ಪಟ್ಟು ವ್ಯಾಟ್ ಕೊಟ್ಟಷ್ಟೇ ಫಲ ಸಿಗುತ್ತದೆ.

ಕಡಲ ಗಾಳಿಯ ಊರಿಗೆ ಇನ್ನೊಂದು ಕಾಟವಿದೆ. ಉಪ್ಪು, ತೇವ ಸೇರಿ ವಯರಿನ ತಾಮ್ರದ ತುದಿ ಹಸಿರುಗಟ್ಟುತ್ತದೆ, ವಾಲ್ಯೂಮ್ ತಿರುಗಿಸಿದರೆ ಚರಚರ ಎನ್ನುತ್ತದೆ. ಮಳೆಗಾಲ ಕಳೆದೊಡನೆ ಸೆಟ್ ಆಫ್ ಮಾಡಿ, ತುದಿಯನ್ನು ಕತ್ತರಿಸಿ ಹೊಸ ತಾಮ್ರ ಹೊರತೆಗೆದು ಬಿಗಿಯಿರಿ. ಗುಂಡಿಯನ್ನು ಆ ಕೊನೆಯಿಂದ ಈ ಕೊನೆಗೆ ಹಲವು ಸಲ ತಿರುಗಿಸಿ. ಇನ್ನು ಸಿಡಿಲಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು. ಗುಡುಗು ಹತ್ತಿರ ಬರುವ ಮುನ್ನವೇ ಪ್ಲಗ್ ಕೀಳಬೇಕು, ಸೆಟ್‌ಗೆ ಟಿವಿ ಅಥವಾ ಹೊರಗಿನ ಆಂಟೆನಾ ಜೋಡಿಸಿದ್ದರೆ ಅದರ ಕೇಬಲನ್ನೂ ಬಿಡಿಸಿಡಬೇಕು.