ಆಪರೇಷನ್ ಥಿಯೇಟರಿನ ಕರೆಂಟು ಏಕೆ ಶಾಕ್ ಹೊಡೆಯುವುದಿಲ್ಲ?

ಬೆಂಗಳೂರು ಆಕಾಶವಾಣಿ ಎಂದರೆ 612 ಕಿಲೋಹರ್ಟ್ಸ್ ಎಂಬುದು ರೇಡಿಯೊ ಕೇಳಿ ಬೆಳೆದವರಿಗೆಲ್ಲ ಗೊತ್ತು. ಹೆಚ್ಚುಕಡಿಮೆ ಅದೇ ಕಂಪನಾಂಕದ ಕರೆಂಟು ದಿನಾ ಬೆಳಗ್ಗೆ ನಮ್ಮೂರಿನ ಆಪರೇಷನ್ ಥಿಯೇಟರುಗಳಲ್ಲಿ ರೋಗಿಗಳ ಮೈಯೊಳಗೆ ಹರಿಯುತ್ತದೆ. ಸಂಜಯನಗರದ ಮಗ್ಗುಲಿಗಿರುವ ರಾಮಯ್ಯ ಆಸ್ಪತ್ರೆಯಂಥ ದೊಡ್ಡ ಜಾಗವಾಗಲಿ, ಅಡ್ಡರಸ್ತೆಯ ನರ್ಸಿಂಗ್ ಹೋಮ್ ಆಗಲಿ, ಈ ಕರೆಂಟು ಹರಿಸುವ ಯಂತ್ರವಿಲ್ಲದೆ ಇಂದು ಶಸ್ತ್ರಚಿಕಿತ್ಸೆ ನಡೆಯುವುದು ಅಪರೂಪ. ಥಿಯೇಟರಿನವರ ಬಾಯಲ್ಲಿ ಅದು ‘ಕಾಟರಿ’, ಇಲ್ಲವೇ ‘ಡಯಾಥರ್ಮಿ’.

ಕಾಟರಿ ಎಂದ ಕೂಡಲೇ ಕಾದ ಕಬ್ಬಿಣ ಕಣ್ಣಿಗೆ ಬರುತ್ತದೆ. ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕುತ್ತಿದ್ದರು. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮದ ವಿವರವೇ ಇದೆ. ಅಲ್ಲೆಲ್ಲ ಲೋಹ ಕಾದಿರುತ್ತದೆ, ಮಾಂಸ ಹೊರಗಿನಿಂದ ಸುಡುತ್ತದೆ. ಡಯಾಥರ್ಮಿಯ ರೀತಿಯೇ ಬೇರೆ. ಸರ್ಜನ್ ಪೆನ್ನಿನಂತೆ ಹಿಡಿಯುವ ಉಪಕರಣದ ತುದಿ ತಾನಾಗಿ ಕಾಯುವುದಿಲ್ಲ. ಅದರಿಂದ ಹೊರಟ ಕರೆಂಟಿಗೆ ಜೀವಕೋಶಗಳು ಒಡ್ಡುವ ತಡೆಯಿಂದಲೇ ಶಾಖ ಹುಟ್ಟುತ್ತದೆ, ಅದೂ ಮಾಂಸದ ಒಳಗೇ.

ಹಾಗಾದರೆ ಶಾಕ್ ಏಕಿಲ್ಲ? ಮನೆಯ ಕರೆಂಟಿನದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಅಷ್ಟು ನಿಧಾನದ ಬದಲಾವಣೆಗೆ ನರ ಸ್ಪಂದಿಸುತ್ತದೆ, ಸ್ನಾಯು ಸೆಟೆಯುತ್ತದೆ, ಹೃದಯದ ಲಯ ತಪ್ಪುತ್ತದೆ. ಡಯಾಥರ್ಮಿಯ 5 ಲಕ್ಷ ಹರ್ಟ್ಸ್‌ನಲ್ಲಿ ದಿಕ್ಕು ಸೆಕೆಂಡಿಗೆ 10 ಲಕ್ಷ ಸಲ ಬದಲಾಗುತ್ತದೆ. ಜೀವಕೋಶದ ಅಯಾನುಗಳು ಒಂದು ಕಡೆಗೆ ಹೊರಡುವಷ್ಟರಲ್ಲಿ ಹಿಂದಕ್ಕೆ ಎಳೆಸಿಕೊಳ್ಳುತ್ತವೆ. ನರಕ್ಕೆ ಪ್ರಚೋದನೆಯಾಗಲು ಹೊತ್ತೇ ಸಿಗುವುದಿಲ್ಲ. ಈ ಒದ್ದಾಟವೆಲ್ಲ ಬಿಸಿಯಾಗಿ ಬದಲಾಗುತ್ತದೆ. ಫ್ರಾನ್ಸಿನ ಆರ್ಸೆನ್ ದಾರ್ಸೊನ್ವಾಲ್ 1890ರ ದಶಕದ ಆರಂಭದಲ್ಲೇ ಇದನ್ನು ತೋರಿಸಿದ್ದರು. ಇಡೀ ವಿದ್ಯೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಶಸ್ತ್ರಚಿಕಿತ್ಸೆಯಲ್ಲಿ ಅದು ನೆಲೆ ಕಂಡಿದ್ದು ಬಾಸ್ಟನ್ನಿನಲ್ಲಿ. ಮೆದುಳಿನ ಸರ್ಜನ್ ಹಾರ್ವಿ ಕುಶಿಂಗ್ ಒಬ್ಬ ರೋಗಿಯ ತಲೆಯ ಗೆಡ್ಡೆ ತೆಗೆಯಲು ಹೋಗಿ, ರಕ್ತಸ್ರಾವ ತಡೆಯಲಾಗದೆ ಅರ್ಧಕ್ಕೆ ನಿಲ್ಲಿಸಿದ್ದರು. ಕೆಲವೇ ದಿನಗಳ ಬಳಿಕ, 1926ರ ಅಕ್ಟೋಬರ್ 1ರಂದು, ಹಾರ್ವರ್ಡಿನ ವಿಲಿಯಂ ಬೋವಿ ಕಟ್ಟಿದ ಯಂತ್ರವನ್ನು ಥಿಯೇಟರಿಗೆ ತರಿಸಿ ಅದೇ ಗೆಡ್ಡೆಯನ್ನು ತೆಗೆದರು. ಬೋವಿ ಸರ್ಜನ್ ಅಲ್ಲ, ಸಸ್ಯಶಾಸ್ತ್ರ ಓದಿ ಜೀವಭೌತಶಾಸ್ತ್ರಕ್ಕೆ ಬಂದವರು. ರಕ್ತಕ್ಕೆ ಹೆದರಿ ಸರ್ಜನ್ನರು ಕೈಬಿಟ್ಟಿದ್ದ ಎಷ್ಟೋ ಗೆಡ್ಡೆಗಳನ್ನು ಆಮೇಲೆ ಮುಟ್ಟಲು ಸಾಧ್ಯವಾಯಿತು. ಇಷ್ಟು ಜೀವ ಉಳಿಸಿದ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ಪೆನ್ನಿನಲ್ಲಿ ಎರಡು ಗುಂಡಿಗಳಿರುತ್ತವೆ. ಹಳದಿ ಒತ್ತಿದರೆ ಕರೆಂಟು ಎಡೆಬಿಡದೆ ಹರಿಯುತ್ತದೆ. ತುದಿಯಿಂದ ಸಣ್ಣ ಕಿಡಿಗಳು ಹಾರಿ, ಜೀವಕೋಶದೊಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಕೋಶ ಒಡೆಯುತ್ತದೆ, ಮಾಂಸ ಸೀಳುತ್ತದೆ. ನೀಲಿ ಒತ್ತಿದರೆ ಕರೆಂಟು ತುಂಡುತುಂಡಾಗಿ ಬರುತ್ತದೆ. ವೋಲ್ಟೇಜ್ ಹೆಚ್ಚು, ಆದರೆ ಬಹುಪಾಲು ಸಮಯ ಬಿಡುವು. ಆಗ ಶಾಖ ನಿಧಾನವಾಗಿ ಏರುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಯುವ ಮೊಟ್ಟೆಯ ಬಿಳಿಯಂತೆ ಪ್ರೋಟೀನು ಗಟ್ಟಿಯಾಗಿ, ರಕ್ತನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ತೀರಾ ಹೆಚ್ಚಿದರೆ ಮಾಂಸ ಇದ್ದಿಲಾಗಿ ತುದಿಗೇ ಅಂಟುತ್ತದೆ. ಎಷ್ಟು ಹೊತ್ತು ಒತ್ತಬೇಕೆಂಬುದು ಅನುಭವದಿಂದ ಬರುವ ಹದ.

ಒಳಹೋದ ಕರೆಂಟು ಹೊರಬರಲೇಬೇಕು. ಅದಕ್ಕೆಂದೇ ರೋಗಿಯ ತೊಡೆಗೆ ಅಂಗೈಗಿಂತ ಅಗಲವಾದ ಅಂಟು ಪ್ಯಾಡ್ ಹಚ್ಚುತ್ತಾರೆ. ಲೆಕ್ಕ ಹಾಕಿ ನೋಡಿ: ತುದಿ ತಾಗುವ ಜಾಗ 10 ಚದರ ಮಿಲಿಮೀಟರ್, ಪ್ಯಾಡ್ 10,000 ಚದರ ಮಿಲಿಮೀಟರ್ ಎಂದುಕೊಳ್ಳೋಣ. ಹರಿಯುವುದು ಅದೇ ಕರೆಂಟು, ಆದರೆ ಪ್ಯಾಡಿನಡಿ ಅದರ ಸಾಂದ್ರತೆ ಸಾವಿರದಲ್ಲೊಂದು. ಶಾಖ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು 10 ಲಕ್ಷದಲ್ಲೊಂದು ಪಾಲಿಗೆ ಇಳಿಯುತ್ತದೆ. ತುದಿಯಲ್ಲಿ ಮಾಂಸ ಸೀಳಿದರೂ ತೊಡೆ ಬೆಚ್ಚಗಾಗದಿರುವುದು ಇದರಿಂದಲೇ.

ಆದರೆ ಪ್ಯಾಡ್ ಅರ್ಧ ಕಿತ್ತುಬಂದರೆ ಈ ಲೆಕ್ಕ ತಲೆಕೆಳಗು. ಉಳಿದ ಚೂರು ಜಾಗದಲ್ಲೇ ಕರೆಂಟು ನುಗ್ಗಿ ಚರ್ಮ ಸುಡುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಅಯ್ಯೋ ಎನ್ನುವಂತಿಲ್ಲ. ಅದಕ್ಕಾಗಿ ಈಗಿನ ಪ್ಯಾಡುಗಳನ್ನು ಎರಡು ಭಾಗ ಮಾಡಿರುತ್ತಾರೆ. ಎರಡರ ನಡುವಿನ ತಡೆಯನ್ನು ಯಂತ್ರ ಸದಾ ಅಳೆಯುತ್ತಿದ್ದು, ಏರುಪೇರಾದರೆ ಕೂಗಿಕೊಂಡು ಕರೆಂಟು ನಿಲ್ಲಿಸುತ್ತದೆ. ಪ್ಯಾಡ್ ಹಚ್ಚುವ ಜಾಗದ ಕೂದಲು ಬೋಳಿಸಿ, ಒರೆಸಿ ಒಣಗಿಸುವ ನರ್ಸ್‌ನ ಕೆಲಸ ಸರ್ಜನ್ನರ ಕೆಲಸದಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಒಣಗುವವರೆಗೆ ಕಾಯುವುದೂ ಹಾಗೆಯೇ. ಕಿಡಿ ತಾಗಿದರೆ ಅದು ಹೊತ್ತಿಕೊಳ್ಳುತ್ತದೆ.

ಮೆದುಳಿನಂಥ ಸೂಕ್ಷ್ಮ ಜಾಗಗಳಲ್ಲಿ ಚಿಮ್ಮಟದಂಥ ಬೈಪೋಲಾರ್ ಉಪಕರಣ ಬಳಸುತ್ತಾರೆ. ಕರೆಂಟು ಒಂದು ತುದಿಯಿಂದ ಇನ್ನೊಂದಕ್ಕೆ ಮಾತ್ರ ಹರಿಯುವುದರಿಂದ ಪ್ಯಾಡೇ ಬೇಡ. ಹೃದಯದ ಲಯ ಕೆಡಿಸುವ ಎಳೆಯನ್ನು ಕ್ಯಾತಿಟರ್ ತುದಿಯಿಂದ ಸುಡುವುದೂ ಇದೇ ಬಗೆಯ ಕರೆಂಟಿನಿಂದ.

ಆಪರೇಷನ್ನಿಗೆ ಮುಂಚೆ ಬಳೆ, ಮೂಗುತಿ, ಕಾಲುಂಗುರ, ತಾಳಿ ತೆಗೆಯಿರಿ ಎಂದರೆ ದಯವಿಟ್ಟು ಬೇಸರಿಸಬೇಡಿ. ಲೋಹ ಮೈಗೆ ತಾಗಿದ್ದ ಕಡೆ ಕರೆಂಟು ಒಟ್ಟುಗೂಡಿ ಸುಡುವ ಅಪಾಯವಿದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮಂಡಿಯಲ್ಲೋ ಸೊಂಟದಲ್ಲೋ ಲೋಹದ ಕೀಲು, ರಾಡ್ ಇದ್ದರೆ, ಕೇಳುವವರೆಗೆ ಕಾಯದೆ ನೀವೇ ಡಾಕ್ಟರಿಗೆ ಹೇಳಿ. ಪೇಸ್‌ಮೇಕರ್ ಈ ಕರೆಂಟನ್ನು ಹೃದಯದ ಬಡಿತವೆಂದು ತಪ್ಪಾಗಿ ತಿಳಿಯಬಹುದು. ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಳ್ಳುತ್ತಾರೆ.