ಪಲಾಝೋ ವರ್ಸಾಚೆ, ಗೋಲ್ಡ್ ಕೋಸ್ಟ್

ಪಲಾಝೋ ವರ್ಸಾಚೆಯು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗೋಲ್ಡ್ ಕೋಸ್ಟ್ ನಗರದಲ್ಲಿ ೨೦೦೦ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಐಷಾರಾಮಿ ಹೋಟೆಲ್. ಉಡುಪು ವಿನ್ಯಾಸ ಸಂಸ್ಥೆಯೊಂದರ ಹೆಸರನ್ನು ಹೊತ್ತ ಜಗತ್ತಿನ ಮೊದಲ ಹೋಟೆಲುಗಳಲ್ಲಿ ಇದೂ ಒಂದು. ಆಸ್ಟ್ರೇಲಿಯಾದ ಸನ್‌ಲ್ಯಾಂಡ್ ಸಂಸ್ಥೆಯು ಇದನ್ನು ನಿರ್ಮಿಸಿತು. ಇಟಲಿಯ ವರ್ಸಾಚೆ ಸಂಸ್ಥೆಯು ತನ್ನ ಹೆಸರನ್ನೂ ಒಳಾಂಗಣದ ಶೈಲಿಯನ್ನೂ ಒದಗಿಸಿತು. ೨೦೦ ಕೋಣೆಗಳ ಈ ಹೋಟೆಲಿನ ಪೀಠೋಪಕರಣ, ಪಿಂಗಾಣಿ ಪಾತ್ರೆಗಳಲ್ಲೂ ವರ್ಸಾಚೆಯ ಮೆಡೂಸಾ ಲಾಂಛನದ ಛಾಪು ಇತ್ತು.

೨೦೧೨ರಲ್ಲಿ ಚೀನಾದ ಹೂಡಿಕೆದಾರರು ಹೋಟೆಲನ್ನು ಕೊಂಡರು. ಮುಂದೆ ದುಬೈನಲ್ಲಿ ಇದೇ ಹೆಸರಿನ ಇನ್ನೊಂದು ಹೋಟೆಲ್ ತೆರೆಯಿತು. ೨೦೨೩ರಲ್ಲಿ ವರ್ಸಾಚೆಯೊಡನೆ ಮಾಡಿಕೊಂಡಿದ್ದ ಒಪ್ಪಂದವು ಕೊನೆಗೊಂಡಿತು. ಗೋಲ್ಡ್ ಕೋಸ್ಟ್‌ನ ಹೋಟೆಲ್ ‘ಇಂಪೀರಿಯಲ್ ಹೋಟೆಲ್’ ಎಂದು ಮರುನಾಮಕರಣಗೊಂಡಿತು. ವರ್ಸಾಚೆಯ ಲಾಂಛನವಿದ್ದ ಅನೇಕ ವಸ್ತುಗಳು ಹರಾಜಿಗೆ ಬಂದವು. ಕಟ್ಟಡವು ಮಾಲೀಕರದಾಗಿದ್ದರೂ ಅದಕ್ಕೆ ಖ್ಯಾತಿ ತಂದ ಹೆಸರು ಒಪ್ಪಂದದ ಅವಧಿಗಷ್ಟೇ ಸೀಮಿತವಾಗಿತ್ತು.