ಪರದೇಶದಲ್ಲಿ ಏಕತಾರಿ

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಮನೆಗಳಿಂದ ವಿದ್ಯಾರ್ಜನೆಗೂ ಉದ್ಯೋಗಕ್ಕೂ ಹೊರದೇಶಗಳಿಗೆ ತೆರಳುವವರು ಈಗ ಉಂಟು. ಹೊರಡುವವರ ಪೆಟ್ಟಿಗೆಯಲ್ಲಿ ತಾಯಂದಿರು ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ತುಂಬಿ ಕಳುಹಿಸುವರು. ಇವು ಕೆಲವು ವಾರಗಳಲ್ಲಿ ತೀರುವ ಪದಾರ್ಥಗಳು. ಹಂಚಿದಷ್ಟೂ ತೀರದ ಒಂದು ವಸ್ತುವನ್ನು ಜೊತೆಯಲ್ಲಿರಿಸಬೇಕೆಂಬುದು ನಮ್ಮ ಅರಿಕೆ. ಅದು ಏಕತಾರಿ.

ಇದು ಸಂಚಾರಿಗಳ ವಾದ್ಯ. ರಾಯಚೂರಿನಿಂದ ಕಲ್ಮಲದ ಮೇಲೆ ಹಾದು ಮಾನ್ವಿಗೆ ಸಾಗುವ ಈ ನಾಡು ದಾಸರ ನೆಲೆವೀಡು. ವಿಜಯದಾಸರು ಜನಿಸಿದ ಚೀಕಲಪರವಿ ಮಾನ್ವಿಯ ಸೀಮೆಯದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಸೀಮೆಯದು. ಜಗನ್ನಾಥದಾಸರು (1728–1809) ಮಾನ್ವಿಯಲ್ಲಿಯೇ ನೆಲೆಸಿದ್ದರು. ಹೆಗಲ ತಂಬೂರಿಯೇ ದಾಸರ ಗುರುತು. ತತ್ವಪದ ಹಾಡುವವರ ಕೈಯಲ್ಲಿ ಅದರ ಸೋದರಿಯಾದ ಏಕತಾರಿಯು ದಮ್ಮಡಿ, ತಾಳಗಳೊಡನೆ ಊರೂರು ತಿರುಗಿತು.

ಒಣಗಿಸಿದ ಸೋರೆಬುರುಡೆ, ಬಿದಿರ ದಂಡ, ಒಂದೇ ತಂತಿ. ಇಷ್ಟೇ ಅದರ ಐಶ್ವರ್ಯ. ಆದುದರಿಂದಲೇ ಅಪರಿಚಿತನ ಕೈಗೆ ಕೊಡಲು ಇದಕ್ಕಿಂತ ಯೋಗ್ಯವಾದ ವಾದ್ಯವಿಲ್ಲ. ಪಿಟೀಲನ್ನು ಕೊಟ್ಟರೆ ಕಲಿಯದವನು ನಾಚುವನು. ಏಕತಾರಿಯಲ್ಲಿ ತಪ್ಪು ಸ್ವರವೆಂಬುದೇ ಇಲ್ಲ. ಬೆರಳು ತಗುಲಿದರೆ ಶ್ರುತಿ ಹೊರಡುವುದು. ಅತಿಥಿಯು ಮೀಟುತ್ತಿರಲಿ, ನೀವು ಹಾಡಿರಿ. ಒಬ್ಬರ ನುಡಿ ಒಬ್ಬರಿಗೆ ತಿಳಿಯದಿದ್ದರೂ ಹಾಡು ಇಬ್ಬರದಾಗುವುದು.

ಇದು ಬರಿಯ ಕಲ್ಪನೆಯಲ್ಲ. ಏಕತಾರವನ್ನು ನುಡಿಸುತ್ತ ಅಲೆಯುವ ಬಂಗಾಳದ ಬಾವುಲ್ ಪಂಥದ ಗಾಯಕರು 1967ರಲ್ಲಿ ಅಮೆರಿಕೆಗೆ ಹೋಗಿ ವುಡ್‌ಸ್ಟಾಕ್ ಎಂಬ ಊರಿನಲ್ಲಿ ಅಲ್ಲಿನ ಸಂಗೀತಗಾರರೊಡನೆ ಬೆರೆತರು. ಅದೇ ವರ್ಷ ಹೊರಬಂದ ಬಾಬ್ ಡಿಲನ್ನರ ಗಾನಮುದ್ರಿಕೆಯ ಹೊದಿಕೆಯ ಮೇಲೆ ಪೂರ್ಣದಾಸ, ಲಕ್ಷ್ಮಣದಾಸ ಎಂಬ ಬಾವುಲರ ಚಿತ್ರವೂ ಇದೆ. ಸೋರೆಯಂತೂ ನಮಗಿಂತ ಹಳೆಯ ಪ್ರವಾಸಿ. ಆಫ್ರಿಕದ ಮೂಲದ ಈ ಬಳ್ಳಿ ಸುಮಾರು 10,000 ವರ್ಷಗಳ ಹಿಂದೆಯೇ ಅಮೆರಿಕವನ್ನು ಮುಟ್ಟಿತ್ತು. ಪಶ್ಚಿಮ ಆಫ್ರಿಕದವರ 21 ತಂತಿಯ ಕೋರಾ ವಾದ್ಯಕ್ಕೂ ಸೋರೆಬುರುಡೆಯೇ ಒಡಲು. ಆ ನಾಡಿನವನೊಬ್ಬನು ನಿಮ್ಮ ಬುರುಡೆಯನ್ನು ಕಂಡು ಮುಗುಳ್ನಕ್ಕರೆ ಆಶ್ಚರ್ಯಪಡಬೇಡಿರಿ.

ಪ್ರಯಾಣಿಕರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ತಂತಿಯನ್ನು ಸಡಿಲಿಸಿ, ಬುರುಡೆಯನ್ನು ಮೆತ್ತನೆಯ ಅರಿವೆಯಲ್ಲಿ ಸುತ್ತಿರಿ. ಒಳಗೆ ಬೀಜವಾಗಲಿ ಹುಳುವಾಗಲಿ ಉಳಿಯದಂತೆ ಶುಚಿಮಾಡಿರಿ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಮರ, ಬುರುಡೆ, ತೊಗಲುಗಳ ವಸ್ತುವನ್ನು ಅಧಿಕಾರಿಗಳ ಮುಂದೆ ತಾನಾಗಿ ತಿಳಿಸತಕ್ಕದ್ದು. ದಮ್ಮಡಿಯನ್ನೂ ಒಯ್ಯುವವರು ಅದರ ಚರ್ಮವು ಉಡದ್ದಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಉಡವು 1972ರ ವನ್ಯಜೀವಿ ಕಾನೂನಿನ ರಕ್ಷಣೆಗೆ ಒಳಪಟ್ಟ ಪ್ರಾಣಿ.

ಇವೆಲ್ಲಕ್ಕಿಂತ ಮಿಗಿಲಾದ ಸಿದ್ಧತೆಯೊಂದುಂಟು. ಅಪರಿಚಿತನು ವಾದ್ಯವನ್ನು ಹಿಡಿದು, “ಇದರೊಡನೆ ಏನನ್ನು ಹಾಡುವಿರಿ?” ಎಂದು ಕೇಳಿಯೇ ಕೇಳುವನು. ಆಗ ಬಾಯಿಗೆ ಒಂದು ಪದವೂ ಬಾರದಿದ್ದರೆ ಏಕತಾರಿಯು ಗೋಡೆಯ ಅಲಂಕಾರವಾಗಿ ಉಳಿಯುವುದು. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳೂ ಅದನ್ನು ಹಾಗೆಯೇ ಅರಿಯುವರು. ತಾಯಿ ಹಾಡಿ, ನೆರೆಮನೆಯವನು ಮೀಟಿದರೆ, ಮಗುವೂ ಕೈಚಾಚುವುದು. ಆದಕಾರಣ ಮನೆಯ ಹಿರಿಯರು ಹೊರಡುವ ಮಗನಿಗೆ, ಮಗಳಿಗೆ ಎರಡು ಪದಗಳನ್ನಾದರೂ ಬಾಯಿಪಾಠ ಮಾಡಿಸಿ ಕಳುಹಿಸಲಿ. ಅದಕ್ಕೆ ಪೆಟ್ಟಿಗೆಯಲ್ಲಿ ತೂಕವಿಲ್ಲ, ದಾರಿಯಲ್ಲಿ ಸುಂಕವೂ ಇಲ್ಲ.